ಹಸಿರಿಗೆ ತಿರುಗಿದ ಕೋಣೆ

ದಾರದಕ್ಕ ಹೊಲಿಗೆಗೆ ಕೂತಳೆಂದರೆ ಉಸಿರಾಡುವುದೂ ಕಾಣುತ್ತಿರಲಿಲ್ಲ. ಆಡುತ್ತಿದ್ದುದು ಬಲಗೈಯ ಮಣಿಕಟ್ಟೊಂದೇ, ಅದೂ ಸೂಜಿ ಕಾಗದದ ಮಡಿಕೆಯೊಳಗೆ ಹೋಗಿ ಬರುವಷ್ಟು. ಬೆನ್ನು, ಭುಜ, ಕುತ್ತಿಗೆಯೆಲ್ಲ ಎರಕ ಹೊಯ್ದಂತೆ. ಇದು ಹುಟ್ಟಿನಿಂದ ಬಂದದ್ದಲ್ಲ, ಬೈಗುಳ ತಿಂದು ಕಲಿತದ್ದು. ಪುಸ್ತಕ ಕಟ್ಟುವ ಕಸುಬಿನ ಸೋದರಮಾವ, ಅಪ್ಪನಿಲ್ಲದ ಹುಡುಗಿಯನ್ನು ಕೆಲಸಕ್ಕೆ ಕೂರಿಸಿಕೊಂಡ ಮೊದಲ ದಿನವೇ ಅವಳ ತೊಡೆಯ ಮೇಲೆ ನೀರು ತುಂಬಿದ ಲೋಟ ಇಟ್ಟಿದ್ದ. "ಹೊಲಿ. ಚೆಲ್ಲಿದ್ರೆ ಬಿಚ್ಚಿ ಮತ್ತೆ ಮೊದಲಿಂದ." ಮೈ ಅಲ್ಲಾಡಿದರೆ ದಾರ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ, ಅಂಥ ಪುಸ್ತಕ ಬೇಗ ಬಾಯಿ ಬಿಡುತ್ತದೆ. ಅವಳು ಹೊಲಿದದ್ದು ಬಾಯಿ ಬಿಟ್ಟ ಉದಾಹರಣೆಯಿಲ್ಲ. ನಡುವೆ ತೆರೆದು ಮೇಜಿನ ಮೇಲಿಟ್ಟರೆ ಸಾಕು, ಹೊಟ್ಟೆ ತುಂಬಿದ ಕೂಸಿನ ಹಾಗೆ ಅಂಗಾತ ಮಲಗುತ್ತಿತ್ತು. ವಿಶ್ವವಿದ್ಯಾಲಯದ ಗ್ರಂಥಾಲಯದವರು ಅವಳನ್ನು ಕರೆದು ಕೆಲಸ ಕೊಟ್ಟದ್ದು ಇದನ್ನು ನೋಡಿಯೇ. ಹೆಸರು ಯಾರಿಗೂ ಬೇಕಾಗಲಿಲ್ಲ. ಎಲ್ಲರಿಗೂ ಅವಳು ದಾರದಕ್ಕ.

ಅವಳ ಜೊತೆಗಾರ ಅವಳ ಮೈದುನನೇ. ಗಂಡ ಲಾರಿ ಓಡಿಸುತ್ತ ಊರೂರು ಅಲೆಯುವವನು, ಮನೆಗೆ ನೆಂಟನ ಹಾಗೆ ಬಂದು ಹೋಗುವವನು. ಹೀಗಾಗಿ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಡುವುದು ಅತ್ತಿಗೆ ಮೈದುನ ಇಬ್ಬರೇ. ರಟ್ಟು ಕತ್ತರಿಸುವುದು, ಅಂಟು ಕಾಯಿಸುವುದು, ಒತ್ತುಯಂತ್ರ ಬಿಗಿಯುವುದು ಅವನ ಪಾಲು. ಅವನಿಗೆ ಸುಮ್ಮನಿರುವುದೆಂದರೆ ಕಾಯಿಲೆ ಬಂದ ಹಾಗೆ. ಅಂಟು ಕಾಯುವವರೆಗೆ ಕಾಲು ಕುಣಿಸುತ್ತಾನೆ, ಕುಂಚದಿಂದ ಮೇಜು ಬಾರಿಸುತ್ತಾನೆ, ಮೂರು ಮಾತಾಡುವಷ್ಟರಲ್ಲಿ ಆರು ಸಲ ಜಾಗ ಬದಲಿಸುತ್ತಾನೆ.

"ಹೊಟ್ಟೇಲಿದ್ದಾಗ್ಲೂ ಹೀಗೇ ಕಣೇ," ಎನ್ನುತ್ತಿದ್ದಳು ಅತ್ತೆ. "ಒಂದು ರಾತ್ರಿ ಮಲಗೋಕೆ ಬಿಡಲಿಲ್ಲ. ನಿನ್ನ ಗಂಡ ಒಳ್ಳೆಯವನು, ಎರಡು ಸಲ ಒದ್ದು ಸುಮ್ಮನಾದ."

"ಹೊಟ್ಟೇಲೂ ಆಮೇಲೂ ಅಷ್ಟೇ ತಾನೆ ಅತ್ತೆ ಅವರು ಮನೇಲಿ ಇದ್ದದ್ದು," ಎಂದು ಇವಳು. ಅತ್ತೆ ಮುಸಿ ಮುಸಿ ನಗುತ್ತ ಒಳಗೆ ಹೋಗುವಳು.

ಅವರ ಕೆಲಸದ ಕೋಣೆ ಮೊದಲು ಎರಡನೇ ಮಹಡಿಯಲ್ಲಿತ್ತು. ಎದುರು ಬದುರು ದೊಡ್ಡ ಕಿಟಕಿಗಳು. ಕಿಟಕಿ ಶೋಕಿಗೆ ಇದ್ದದ್ದಲ್ಲ. ಓದುವ ಹುಡುಗರು ಹರಿದ ಪುಟಗಳಿಗೆ ಪ್ಲಾಸ್ಟಿಕ್ ಟೇಪು ಮೆತ್ತಿರುತ್ತಾರೆ. ಅದನ್ನು ಬಿಡಿಸದೆ ಹೊಲಿಯುವಂತಿಲ್ಲ, ಬಿಡಿಸಬೇಕೆಂದರೆ ಥಿನ್ನರ್ ಬೇಕು, ಬಣ್ಣ ಬಳಿಯುವವರು ಬಳಸುವಂಥದೇ. ಹತ್ತಿಯಲ್ಲಿ ಅದ್ದಿ ಒತ್ತಿ ಹಿಡಿದರೆ ಟೇಪು ಸಿಪ್ಪೆಯ ಹಾಗೆ ಏಳುತ್ತದೆ. ವಾಸನೆ ಮಾತ್ರ ಮೂಗಿನಿಂದ ನೇರ ನೆತ್ತಿಗೆ. ಗಾಳಿಯಾಡದ ಕಡೆ ಅದರ ಮುಚ್ಚಳ ತೆಗೆದು ಕೂತರೆ ಮೊದಲು ತಲೆ ಸುತ್ತು, ಆಮೇಲೆ ನಿದ್ದೆ, ಆಮೇಲೆ ಏನೆಂದು ಹೇಳಬೇಕಾಗಿಲ್ಲ. ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರವೇ ಇರುತ್ತದೆ, ಅಕ್ಷರ ಬಾರದವರಿಗೂ ತಿಳಿಯಲಿ ಎಂದು.

ಆಮೇಲೆ ವಿಶ್ವವಿದ್ಯಾಲಯ ಪರಿಸರಕ್ಕೆ ಮಾತು ಕೊಟ್ಟಿತು. ಆ ಮಾತನ್ನು ಹೆಬ್ಬಂಡೆಯೊಂದರ ಮೇಲೆ ಕೆತ್ತಿಸಿ ಗೇಟಿನ ಬಳಿ ನಿಲ್ಲಿಸಿದರು. ಬಂಡೆಗೆ ಜಾಗ ಸಾಲದೆ ಎರಡು ಮರ ಕಡಿದರು. ಹಾಗೆಂದು ಎಲ್ಲವೂ ಬೂಟಾಟಿಕೆ ಎಂದರೆ ನಾಲಿಗೆ ಬಿದ್ದು ಹೋದೀತು. ಮಾಳಿಗೆಗಳ ಮೇಲೆ ಬಿಸಿಲಿನಿಂದ ವಿದ್ಯುತ್ ಮಾಡುವ ಹಲಗೆಗಳು ಬಂದವು, ನೀರಿನ ಬಾಟಲಿ ಮಾರುವುದು ನಿಂತಿತು, ಹಾಸ್ಟೆಲಿನ ಹಿಂದೆ ಕೊಳೆಯುತ್ತಿದ್ದ ಕಸದ ಗುಡ್ಡ ಕರಗಿತು. ಇದೆಲ್ಲ ಆದದ್ದೇ, ಒಳ್ಳೆಯದೇ. ಆದರೆ ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂಬ ನಂಬಿಕೆ ತಲೆಗೇರಿದವನ ಕಣ್ಣಿಗೆ ಎದುರಿಗಿದ್ದ ಮನುಷ್ಯ ಕಾಣುವುದಿಲ್ಲ. ಕಾಣದಿರುವುದಕ್ಕೆ ಆತ ಕೆಟ್ಟವನೇ ಆಗಬೇಕೆಂದಿಲ್ಲ.

ಇದನ್ನೆಲ್ಲ ನಡೆಸಲು ಹಸಿರು ಕೋಶ ಎಂಬ ಹೊಸ ಕಚೇರಿ ಹುಟ್ಟಿತು. ಅದರ ಮುಖ್ಯಸ್ಥರು ಒಬ್ಬ ಪ್ರೊಫೆಸರು. ನಗುಮುಖ, ಸೈಕಲ್ ಮೇಲೆ ಓಡಾಟ, ಜವಾನನನ್ನೂ ಬಹುವಚನದಲ್ಲೇ ಕರೆಯುವವರು. ಹಗಲು ದೀಪ, ಫ್ಯಾನು ಬೇಡದ ಮಾದರಿ ಕಚೇರಿ ತಮ್ಮದಾಗಬೇಕೆಂದು ಅವರ ಆಸೆ. ಇಡೀ ಕಟ್ಟಡ ಸುತ್ತಿ ಬಂದರು. ಬೆಳಕು, ಗಾಳಿ ಎರಡೂ ಧಾರಾಳವಾಗಿದ್ದ ಕೋಣೆ ಒಂದೇ ಇತ್ತು, ಎರಡನೇ ಮಹಡಿಯಲ್ಲಿ. ದಾರದಕ್ಕ, ಮೈದುನ, ಒತ್ತುಯಂತ್ರ, ಥಿನ್ನರ್ ಡಬ್ಬಿಗಳು ನೆಲಮಾಳಿಗೆಗೆ ಇಳಿದವು.

ಕೆಳಗೆ ಕಿಟಕಿಯಿಲ್ಲ. ತಂತಾನೇ ಮುಚ್ಚಿಕೊಳ್ಳುವ ದಪ್ಪ ಬಾಗಿಲು. ಗಾಳಿ ಎಳೆದು ಹೊರಹಾಕುವ ಒಂದು ಯಂತ್ರ, ಚಾವಣಿಯಲ್ಲಿ ದೀಪಗಳು, ದೀಪಗಳ ನಡುವೆ ಬೋರಲು ಬಟ್ಟಲಿನಂಥ ಬಿಳಿ ಸೆನ್ಸರ್. ಕೋಣೆಯಲ್ಲಿ ಏನಾದರೂ ಅಲ್ಲಾಡಿದರೆ ಅದು ಜನರಿದ್ದಾರೆಂದು ತಿಳಿದು ದೀಪವನ್ನೂ ಗಾಳಿಯನ್ನೂ ನಡೆಸುತ್ತದೆ. ಸ್ವಲ್ಪ ಹೊತ್ತು ಏನೂ ಅಲ್ಲಾಡದಿದ್ದರೆ ಯಾರೂ ಇಲ್ಲವೆಂದು ಎರಡನ್ನೂ ಆರಿಸುತ್ತದೆ. ಪೋಲಾಗದಿರಲಿ ಎಂದು.

ಮೊದಲ ದಿನವೇ ಮೈದುನ ರಟ್ಟು ತರಲು ಹೊರಗೆ ಹೋಗಿದ್ದಾಗ, ಸೂಜಿ ಮಡಿಕೆಯೊಳಗಿರುವಾಗಲೇ ಕತ್ತಲಾಯಿತು. ಗಾಳಿ ಯಂತ್ರ ನಿಟ್ಟುಸಿರು ಬಿಟ್ಟು ನಿಂತಿತು. ದಾರದಕ್ಕ ಕರೆಂಟು ಹೋಯಿತೆಂದುಕೊಂಡು ಕೂತೇ ಇದ್ದಳು. ಮೈದುನ ಬಾಗಿಲು ನೂಕಿದ ಕೂಡಲೇ ಎಲ್ಲ ಜಗ್ಗನೆ ಹೊತ್ತಿಕೊಂಡಿತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅತ್ತಿಗೆ, ನೀವು ಇಲ್ವಂತೆ. ಮೇಲಿರೋ ಬೀಗರು ತೀರ್ಮಾನ ಮಾಡಿಬಿಟ್ಟಿದ್ದಾರೆ."

"ಯಾವ ಬೀಗರು?"

"ಇವ್ರೇ," ಎಂದು ಸೆನ್ಸರಿನ ಕಡೆ ಕೈ ಮುಗಿದ. "ಘಳಿಗೆಗೊಂದು ಸಲ ವಿಚಾರಿಸ್ಕೊಳ್ತಾ ಇರಬೇಕು. ಇಲ್ದಿದ್ರೆ ಮುನಿಸ್ಕೊಂಡು ಎದ್ದು ಹೋಗ್ತಾರೆ."

ಅಂದಿನಿಂದ ಅದಕ್ಕೆ ಬೀಗರೆಂದೇ ಹೆಸರಾಯಿತು. ಅವನಿದ್ದಾಗ ತೊಂದರೆಯಿರಲಿಲ್ಲ, ಅವನ ಕುಣಿತವೇ ಸಾಕಾಗುತ್ತಿತ್ತು. ಅವನು ಅತ್ತ ಹೋದರೆ ಇವಳು ಹೊಲಿಗೆ ನಿಲ್ಲಿಸಿ ಕೈ ಎತ್ತಿ ಬೀಸಬೇಕು. ಬೀಸಿದಾಗಲೆಲ್ಲ ದಾರ ಸಡಿಲವಾಗುತ್ತಿತ್ತು. ಬೀಸದಿದ್ದರೆ ಕತ್ತಲು, ಕತ್ತಲಿನ ಹಿಂದೆಯೇ ಆ ವಾಸನೆ. ಸಂಜೆ ಮನೆಗೆ ಬಂದಾಗ ಹುಬ್ಬುಗಳ ನಡುವೆ ಮೊಳೆ ಹೊಡೆದಂಥ ನೋವು. ಅತ್ತೆ ಎಣ್ಣೆ ಹಚ್ಚುತ್ತ, "ಮೇಲಿದ್ದೋರನ್ನ ಕೆಳಗೆ ಯಾಕೆ ತಳ್ಳಿದ್ರು? ಏನಾದ್ರೂ ಎದುರು ಮಾತಾಡಿದ್ಯಾ?" ಎಂದು ಕೇಳಿದರೆ, "ಭೂಮಿ ಉಳಿಸ್ತಾರಂತೆ ಅತ್ತೆ," ಎನ್ನುತ್ತಿದ್ದಳು.

ಉಪಾಯ ಹೂಡಿದವನು ಮೈದುನ. ಕತ್ತರಿಸಿ ಉಳಿದ ಕಾಗದದ ಉದ್ದನೆಯ ಪಟ್ಟಿಗಳನ್ನು ಒಂದು ಪುಟ್ಟ ಫ್ಯಾನಿನ ಮುಂದೆ ಇಳಿಬಿಟ್ಟ. ಅವು ದಿನವಿಡೀ ಪಟಪಟನೆ ಆಡುತ್ತಿದ್ದವು. "ಬೀಗರಿಗೆ ಚಾಮರ," ಎಂದ. ದೀಪ ಆರಲಿಲ್ಲ, ಗಾಳಿ ನಿಲ್ಲಲಿಲ್ಲ. ದಾರದಕ್ಕ ಮತ್ತೆ ಎರಕ ಹೊಯ್ದಂತೆ ಕೂತಳು. ತಲೆನೋವು ಹೋಯಿತು.

ಆ ಸುಖ ಹೆಚ್ಚು ಕಾಲ ಬಾಳಲಿಲ್ಲ. ಅತಿ ಕಡಿಮೆ ವಿದ್ಯುತ್ ಸುಡುವ ಕಟ್ಟಡಕ್ಕೆ ಹಸಿರು ನಕ್ಷತ್ರ ಕೊಡುವುದಾಗಿ ವಿಶ್ವವಿದ್ಯಾಲಯ ಸಾರಿತ್ತು. ಗ್ರಂಥಾಲಯ ಮುಂದಿತ್ತು, ನೆಲಮಾಳಿಗೆಯೊಂದೇ ಅದರ ಕಾಲು ಹಿಡಿದು ಎಳೆಯುತ್ತಿತ್ತು. ಗ್ರಂಥಪಾಲಕಿ ಮೇಡಂ ತಾವೇ ಇಳಿದು ಬಂದರು. ಕಾಗದದ ಪಟ್ಟಿಗಳನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ದಾರದಕ್ಕ, ನಿಮ್ಮ ಕೆಲಸಾನೇ ನಮ್ಮ ವಿಶ್ವವಿದ್ಯಾಲಯದ ಹೆಮ್ಮೆ," ಎಂದರು. "ಹಳೇದನ್ನ ಬಿಸಾಡದೆ ಉಳಿಸೋದು, ಪರಿಸರ ಅಂದ್ರೆ ಅದೇ ತಾನೆ? ಹಸಿರು ದಿನ ನಿಮ್ಮನ್ನ ವೇದಿಕೆ ಮೇಲೆ ಕರೆದು ಸನ್ಮಾನ ಮಾಡೋಣ ಅಂತಿದ್ದೇವೆ. ಇದೊಂದನ್ನ ಅಲ್ಲಿವರೆಗೂ ತೆಗೆದಿಡಿ. ಆಗಾಗ ಕೈ ಬೀಸಿದ್ರಾಯ್ತಲ್ಲ."

ಯಾರೂ ಹೆಸರು ಕೇಳದ ಹೆಂಗಸನ್ನು ವೇದಿಕೆಗೆ ಕರೆಯುವುದೆಂದರೆ ಸಣ್ಣ ಮಾತಲ್ಲ. ಅವಳ ಮುಖ ಅರಳಿದ್ದನ್ನು ಮೈದುನ ನೋಡಿದ.

"ಬೇಡ ಅತ್ತಿಗೆ. ತೆಗೀಬೇಡಿ," ಎಂದ, ಮೇಡಂ ಹೋದ ಮೇಲೆ. ಅಪರೂಪಕ್ಕೆ ಅವನ ಮಾತಿನಲ್ಲಿ ತಮಾಷೆಯಿರಲಿಲ್ಲ.

"ಇನ್ನೆಷ್ಟು ದಿನ, ಬಿಡೋ. ನೀನಿದ್ದೀಯಲ್ಲ, ಕುಣಿಯೋಕೆ."

ಪಟ್ಟಿಗಳನ್ನು ಬಿಚ್ಚಿದ್ದು ಅವಳೇ. ಮಡಚಿ ರಟ್ಟಿನ ರಾಶಿಯ ಕೆಳಗೆ ಇಟ್ಟಳು.

ಹಸಿರು ದಿನ ಬೆಳಿಗ್ಗೆ ಹೊರಗಿನ ಅತಿಥಿಗಳು ಕೆಲಸದ ಕೋಣೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ಸಭೆ ಮುಗಿಯುವುದರೊಳಗೆ ಟೇಪು ಮೆತ್ತಿದ ಹಳೆಯ ಪುಸ್ತಕಗಳ ಒಂದು ರಾಶಿ ಶುಚಿಯಾಗಿರಬೇಕು. ದಾರದಕ್ಕ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು.

"ಹೋಗಿ, ಹೋಗಿ," ಎಂದ ಮೈದುನ, ದೊಡ್ಡ ಡಬ್ಬಿಯ ಮುಚ್ಚಳ ತಿರುಗಿಸುತ್ತ. "ವೇದಿಕೆ ಮೇಲಾದ್ರೂ ಸ್ವಲ್ಪ ಅಲ್ಲಾಡಿ. ಇಲ್ದಿದ್ರೆ ಪ್ರತಿಮೆ ಅಂದ್ಕೊಂಡು ಹಾರ ಹಾಕಿಬಿಟ್ಟಾರು."

"ಬಾಯಿ ಮುಚ್ಕೊಂಡು ಕೆಲಸ ಮಾಡು," ಎಂದು ಬಾಗಿಲು ನೂಕಿಕೊಂಡು ಹೋದಳು. ಬಾಗಿಲು ಅವಳ ಹಿಂದೆ ತಂತಾನೇ ಮುಚ್ಚಿಕೊಂಡಿತು.

ಸಭಾಂಗಣ ಗ್ರಂಥಾಲಯದ ಪಕ್ಕದ್ದೇ. ವೇದಿಕೆಯ ಹಿಂದೆ ಗೋಡೆಯಗಲ ಪರದೆ, ಪರದೆಯ ಮೇಲೆ ಗ್ರಂಥಾಲಯದ ನಕ್ಷೆ, ಒಂದೊಂದು ಕೋಣೆಗೂ ಒಂದೊಂದು ಚೌಕ. ಪ್ರೊಫೆಸರು ಮೈಕು ಹಿಡಿದು ವಿವರಿಸಿದರು: ಜನ ಇರುವ ಕೋಣೆ ಕೆಂಪು, ಖಾಲಿ ಕೋಣೆ ಹಸಿರು, ಹಸಿರೆಂದರೆ ಅಲ್ಲಿ ಒಂದು ಹನಿ ವಿದ್ಯುತ್ತೂ ಪೋಲಾಗುತ್ತಿಲ್ಲ. ಈಗ ನಾವೆಲ್ಲ ಇಲ್ಲೇ ಇದ್ದೇವೆ, ಕಟ್ಟಡ ಹೇಗೆ ಬಣ್ಣ ಬದಲಿಸುತ್ತದೆ ನೋಡುತ್ತಿರಿ. ಚೌಕಗಳು ಒಂದೊಂದಾಗಿ ಹಸಿರಾದವು. ಹುಡುಗರು ಪ್ರತಿ ಸಲವೂ ಹೋ ಎಂದರು. ಕೊನೆಗೆ ಬುಡದಲ್ಲೊಂದು ಚೌಕ ಕೆಂಪಗೆ ಉಳಿಯಿತು.

"ಯಾರಪ್ಪಾ ಅದು, ಕೆಳಗೆ?" ಎಂದರು ಪ್ರೊಫೆಸರು. ಸಭೆ ನಕ್ಕಿತು. ವೇದಿಕೆಯ ಮೆಟ್ಟಿಲ ಬಳಿ ನಿಂತಿದ್ದ ದಾರದಕ್ಕನೂ ನಕ್ಕಳು. ಆ ಕೆಂಪಿನೊಳಗೆ ಮೈದುನ ಕುಂಚ ಬಾರಿಸುತ್ತಿರುವುದು ಕಣ್ಣಿಗೆ ಕಟ್ಟಿದಂತಿತ್ತು.

ಭಾಷಣ ಮುಂದುವರಿಯಿತು. ನಡುವೆ ಯಾರೋ ಚಪ್ಪಾಳೆ ತಟ್ಟಿದರು, ನೋಡನೋಡುತ್ತ ಸಭೆಯೇ ತಟ್ಟಿತು. ಕೊನೆಯ ಚೌಕವೂ ಹಸಿರಾಗಿತ್ತು. ಪ್ರೊಫೆಸರು ಎರಡೂ ಕೈ ಎತ್ತಿ ಸಭೆಗೆ ವಂದಿಸಿದರು.

ನನ್ನನ್ನ ನೋಡೋಕೆ ಬರ್ತಿದ್ದಾನೆ ಕಳ್ಳ, ಎಂದುಕೊಂಡು ದಾರದಕ್ಕ ಬಾಗಿಲ ಕಡೆ ತಿರುಗಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಮತ್ತೆ ನೋಡಿದಳು. ರಾಶಿ ಮುಗಿಯದೆ ಅವನು ಏಳುವುದಿಲ್ಲ, ಎದ್ದಿದ್ದರೂ ಇಷ್ಟು ಹೊತ್ತಿಗೆ ಇಲ್ಲಿರಬೇಕು. ಹಾಗಾದರೆ ಒಳಗೇ ಇದ್ದಾನೆ. ಒಳಗಿದ್ದೂ ಕೋಣೆ ಹಸಿರಾಗಿದೆ. ಹೊಟ್ಟೆಯಲ್ಲೇ ಸುಮ್ಮನಿರದವನು ಸುಮ್ಮನಾಗಿದ್ದಾನೆ.

ಅಷ್ಟರಲ್ಲಿ ಮೈಕಿನಲ್ಲಿ ಅವಳನ್ನೇ ಕರೆಯುತ್ತಿದ್ದರು. ಅವಳು ಮೆಟ್ಟಿಲಿಗೆ ಬೆನ್ನು ತಿರುಗಿಸಿದಳು.

"ಎಲ್ಲಿಗ್ರೀ?" ಗ್ರಂಥಪಾಲಕಿ ತೋಳು ಹಿಡಿದರು. "ನಿಮ್ಮನ್ನೇ ಕರೀತಿರೋದು."

ಕೊಸರಿಕೊಂಡು ಓಡಿದಳು. ಒಳ್ಳೆಯ ಸೀರೆಯ ಅಂಚು ಚಪ್ಪಲಿಗೆ ಸಿಕ್ಕಿ ಪರ್ರೆಂದಿತು. ನೆಲಮಾಳಿಗೆಯ ಬಾಗಿಲು ನೂಕಿದಾಗ ವಾಸನೆ ಮುಖಕ್ಕೆ ಹೊಡೆಯಿತು, ಒಳಗೆ ಕಗ್ಗತ್ತಲು. ಅವಳು ಕಾಲಿಟ್ಟದ್ದೇ ತಡ, ಬೀಗರಿಗೆ ಮನುಷ್ಯರು ಕಂಡರು. ದೀಪ ಹೊತ್ತಿತು, ಗಾಳಿ ಯಂತ್ರ ಗುರ್ರೆಂದಿತು. ದೊಡ್ಡ ಡಬ್ಬಿ ಉರುಳಿ ಬಿದ್ದಿತ್ತು. ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಲು ಬಗ್ಗಿದವನು ಒತ್ತುಯಂತ್ರಕ್ಕೂ ಗೋಡೆಗೂ ನಡುವೆ ಮಗ್ಗುಲಾಗಿ ಬಿದ್ದಿದ್ದ. ತುಟಿ ನೀಲಿ. ತಲೆ ಸುತ್ತಿ ಕೂತಿರಬೇಕು. ಕೂತದ್ದಕ್ಕೆ ಗಾಳಿ ನಿಂತಿರಬೇಕು. ಗಾಳಿ ನಿಂತದ್ದಕ್ಕೆ ಮತ್ತೆ ಏಳಲಾಗಿಲ್ಲ. ಮನುಷ್ಯ ಸೋತಷ್ಟೂ ಅವನ ಗಾಳಿ ಕಿತ್ತುಕೊಳ್ಳುವ ಏರ್ಪಾಡು. ಇದನ್ನು ಯಾರೋ ಬುದ್ಧಿವಂತರು ಯೋಚಿಸಿ ಮಾಡಿದ್ದರು.

ಕಂಕುಳಿಗೆ ಕೈ ಹಾಕಿ ಎಳೆದಳು. ಬಾಗಿಲು ತಂತಾನೇ ಮುಚ್ಚಿಕೊಳ್ಳಲು ಬಂತು, ಬೆನ್ನು ಕೊಟ್ಟು ತಡೆದಳು.

ಅತ್ತ ಸಭಾಂಗಣದಲ್ಲಿ ಆ ಒಂದು ಚೌಕ ಮತ್ತೆ ಕೆಂಪಾಗಿತ್ತು. ಸಭೆ ಅಯ್ಯೋ ಎಂದಿತು, ಕ್ಯಾಚ್ ಬಿಟ್ಟ ಆಟಗಾರನನ್ನು ಕಂಡು ಅನ್ನುವ ಹಾಗೆ. ನೋಡಿಕೊಂಡು ಬಾ ಎಂದು ಕಾವಲುಗಾರನನ್ನು ಅಟ್ಟಿದರು.

"ಯಾರ್ರೀ ಅದು ಒಳಗೆ?" ಅವನು ಗದರುತ್ತಲೇ ಮೆಟ್ಟಿಲಿಳಿದ. "ಅಲ್ಲಿ ಎಲ್ಲಾ ಕೆಡಿಸಿಬಿಟ್ರಲ್ಲ..." ಆಮೇಲೆ ಕಂಡ. ಟೋಪಿ ಎಸೆದು ಮೈದುನನ ಕಾಲು ಹಿಡಿದು ಎತ್ತಿದ. ಬೈಯಲು ಬಂದವನಿಂದ ಜೀವ ಉಳಿಯಿತು.

ಉಳಿದದ್ದು ಜೀವ ಮಾತ್ರ. ಆಸ್ಪತ್ರೆಯಿಂದ ಬಂದವನು ಮಾತಿನ ನಡುವೆ ನಿಂತುಬಿಡುತ್ತಾನೆ, ಹೇಳುತ್ತಿದ್ದುದು ಏನೆಂದು ಮರೆತು. ಅನ್ನ ಕಲಸಿಟ್ಟು ತಿನ್ನುವುದನ್ನು ಮರೆಯುತ್ತಾನೆ. ಅತ್ತೆ ತುತ್ತು ಮಾಡಿ ಬಾಯಿಗೆ ಇಡುತ್ತಾಳೆ. ಸೊಸೆಯ ಮುಖ ನೋಡಿ ಒಂದು ಮಾತೂ ಅನ್ನುವುದಿಲ್ಲ. ಅದೇ ದಾರದಕ್ಕನಿಗೆ ತಡೆಯಲಾಗದ್ದು.

ಪ್ರೊಫೆಸರು ಹಣ್ಣಿನ ಬುಟ್ಟಿ ಹಿಡಿದು ಮನೆಗೇ ಬಂದರು. ನಿಜವಾಗಿಯೂ ನೊಂದಿದ್ದರು, ಕಣ್ಣು ಒದ್ದೆಯಾಗಿತ್ತು.

"ಥಿನ್ನರ್ ಅಜಾಗರೂಕತೆಯಿಂದ ಚೆಲ್ತು. ಅಷ್ಟೇ ಅಲ್ವಾ ಆಗಿದ್ದು, ಅಮ್ಮ?" ಎಂದರು ಮೆಲ್ಲಗೆ.

"ಗಾಳಿ ನಿಂತಿತ್ತು, ಸಾರ್."

"ಆ ವಿಷಯ ಹೊರಗೆ ಹೋದ್ರೆ ಎಷ್ಟೋ ಜನರ ಶ್ರಮ ಮಣ್ಣುಪಾಲಾಗುತ್ತೆ. ಎಲ್ಲರೂ ನಮ್ಮನ್ನ ನೋಡಿ ಕಲೀತಿದ್ದಾರೆ. ನಿಮಗೆ ಮೇಲೆ ಕಿಟಕಿ ಇರೋ ಕೋಣೆ ಕೊಡಿಸ್ತೀನಿ. ಇವರ ಸಂಬಳ ನಿಲ್ಲೋದಿಲ್ಲ, ಔಷಧಿ ಖರ್ಚು ನಮ್ಮದು. ನೀವು ಮಾತ್ರ..." ವಾಕ್ಯ ಮುಗಿಸಲಿಲ್ಲ. ಅಂಥವರು ಇಂಥ ವಾಕ್ಯ ಮುಗಿಸುವುದಿಲ್ಲ.

ಅವಳು ಒಳಗೆ ನೋಡಿದಳು. ಮೈದುನ ಗೋಡೆಗೆ ಒರಗಿ ಕೂತಿದ್ದ. ಹೂಂ ಎಂದಳು. ಅವಳನ್ನು ದೂರುವವರು ಮೊದಲು ಒಂದು ತಿಂಗಳು ಅವಳ ಮನೆ ನಡೆಸಿ ನೋಡಲಿ.

ಹೇಳಿದಂತೆ ಕೋಣೆ ಸಿಕ್ಕಿತು. ನೆಲದ ಮಟ್ಟದ ಮಹಡಿಯಲ್ಲಿ, ಕೆಳಗಿನ ಹಳೆಯ ಕೋಣೆಗೆ ನೇರ ಮೇಲೆ. ಹಸಿರು ಕೋಶದಷ್ಟು ದೊಡ್ಡದಲ್ಲದಿದ್ದರೂ ಕಿಟಕಿಯಿತ್ತು. ಅತಿಥಿಗಳು ಬಂದರೆ ಅಲ್ಲಿಗೆ ಕರೆತಂದು ಅವಳ ಹೊಲಿಗೆ ತೋರಿಸುತ್ತಿದ್ದರು. ಥಿನ್ನರ್ ವಾಸನೆ ಅತಿಥಿಗಳ ಮೂಗಿಗೆ ಚೆನ್ನಾಗಿರುವುದಿಲ್ಲವೆಂದು ಟೇಪು ಬಿಡಿಸುವ ಕೆಲಸ ಮಾತ್ರ ನೆಲಮಾಳಿಗೆಯಲ್ಲೇ ಉಳಿಯಿತು. ಅದಕ್ಕೆ ಗುತ್ತಿಗೆಯ ಮೇಲೆ ಹೊಸಬರು ಬಂದರು, ತಾಯಿ ಮತ್ತು ಮಗಳು. ಅವರು ಶುಚಿ ಮಾಡಿ ಕಳಿಸಿದ ಪುಟಗಳನ್ನೇ ದಾರದಕ್ಕ ಹೊಲಿಯಬೇಕು.

ಇದು ಗೊತ್ತಾದ ದಿನ ಅವಳು ಕೆಳಗಿಳಿದು ಹೋದಳು. ಚಾವಣಿಯಲ್ಲಿ ಅದೇ ಬಿಳಿ ಬಟ್ಟಲು.

"ದೀಪ ಹೋದ್ರೆ ಕೈ ಬೀಸಬೇಕಂತೆ, ಅಕ್ಕ," ಎಂದಳು ಮಗಳು ನಗುತ್ತ. "ನಮ್ಮಮ್ಮನಿಗೆ ಸೊಂಟ ನೋವು, ನಾನೇ ಇಬ್ಬರ ಪಾಲಿಂದೂ ಬೀಸ್ತೀನಿ."

"ಬಾಗಿಲು ತೆಗೆದಿಟ್ಕೊಂಡು ಕೆಲಸ ಮಾಡಿ."

"ತೆಗೆದಿಟ್ರೆ ವಾಸನೆ ಮೇಲಕ್ಕೆ ಹೋಗುತ್ತೆ, ಕೆಲಸದಿಂದ ತೆಗೀತೀವಿ ಅಂದಿದ್ದಾರೆ," ಎಂದಳು ತಾಯಿ.

ದಾರದಕ್ಕ ಇನ್ನೇನೋ ಹೇಳಲು ಬಾಯಿ ತೆರೆದಳು. ಮನೆಯಲ್ಲಿ ಗೋಡೆಗೆ ಒರಗಿದವನ ಔಷಧಿ ನೆನಪಾಯಿತು. ಬಾಯಿ ಮುಚ್ಚಿಕೊಂಡು ಹತ್ತಿ ಬಂದಳು.

ಗಾಳಿ ಯಂತ್ರದ ಕೊಳವೆ ಅವಳ ಹೊಸ ಕಿಟಕಿಯ ಪಕ್ಕದಲ್ಲೇ ಹೊರಗೆ ಬಂದಿತ್ತು. ಅವರು ಕೆಳಗೆ ಉಸಿರಾಡುವ ಸದ್ದು ಅವಳ ಕಿವಿಯಲ್ಲಿ. ಸದ್ದು ನಿಂತರೆ ಅವಳ ಕೈಯೂ ನಿಲ್ಲುತ್ತಿತ್ತು. ನೆಲಕ್ಕೆ ಹಿಮ್ಮಡಿಯಿಂದ ಕುಟ್ಟುತ್ತಿದ್ದಳು. ಕೆಳಗೆ ಮಗಳು ತಲೆಯೆತ್ತಿ ನಗುತ್ತ ಕೈ ಬೀಸಿರಬೇಕು, ಸದ್ದು ಮತ್ತೆ ಶುರುವಾಗುತ್ತಿತ್ತು. ಮತ್ತೆ ನಿಲ್ಲುವುದು, ಮತ್ತೆ ಕುಟ್ಟುವುದು. ಅವಳ ಹೊಲಿಗೆ ಮೊದಲ ಬಾರಿಗೆ ಸೊಟ್ಟಗಾಯಿತು.

ಒಂದು ಮಧ್ಯಾಹ್ನ ಸದ್ದು ನಿಂತಿತು. ಕುಟ್ಟಿದಳು. ಶುರುವಾಗಲಿಲ್ಲ. ಒತ್ತುಯಂತ್ರದ ಕಬ್ಬಿಣದ ಹಿಡಿಯನ್ನೇ ತೆಗೆದು ನೆಲ ಒಡೆದು ಹೋಗುವ ಹಾಗೆ ಕುಟ್ಟಿದಳು. ಇಲ್ಲ.

ಮೆಟ್ಟಿಲು ಹೇಗೆ ಇಳಿದಳೋ ಅವಳಿಗೇ ತಿಳಿಯದು. ಬಾಗಿಲು ನೂಕಿದಳು, ದೀಪ ಹೊತ್ತಿತು. ಕೋಣೆ ಖಾಲಿ. ಎರಡು ಸ್ಟೂಲು, ಮುಚ್ಚಳ ಬಿಗಿದ ಡಬ್ಬಿ. ಹೊರಗಿನ ನಲ್ಲಿಯ ಬಳಿ ತಾಯಿ ಮಗಳು ಕೈ ತೊಳೆದುಕೊಂಡು ಊಟದ ಡಬ್ಬಿ ಬಿಚ್ಚುವುದು ಕೇಳಿಸಿತು. ಯಾವುದಕ್ಕೋ ನಗುತ್ತಿದ್ದರು.

ದಾರದಕ್ಕ ಅಲ್ಲೇ ಮೆಟ್ಟಿಲ ಮೇಲೆ ಕುಸಿದಳು. ಊಟಕ್ಕೆ ಎದ್ದು ಹೋದ ಕೋಣೆಗೂ ಉಸಿರು ನಿಂತ ಕೋಣೆಗೂ ಮೇಲೆ ಕೂತವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇಂದು ಅವಳಿಗೂ ಗೊತ್ತಾಗಿರಲಿಲ್ಲ.

ಎದ್ದಳು. ತನ್ನ ಕೋಣೆಗೆ ಹೋಗಲಿಲ್ಲ, ಎರಡನೇ ಮಹಡಿಗೆ ಹತ್ತಿದಳು. ಹಸಿರು ಕೋಶದಲ್ಲಿ ಬೇರೆ ವಿಶ್ವವಿದ್ಯಾಲಯದಿಂದ ಬಂದವರು ಚಹಾ ಕುಡಿಯುತ್ತ ಕೂತಿದ್ದರು, ಇಲ್ಲಿಯ ಏರ್ಪಾಡನ್ನೇ ತಮ್ಮಲ್ಲೂ ಮಾಡಿಸಲು. ಗ್ರಂಥಪಾಲಕಿಯೂ ಇದ್ದರು. ಹಳೆಯ ಎರಡು ಕಿಟಕಿಗಳಿಂದ ಗಾಳಿ ಸೊಗಸಾಗಿ ಬೀಸುತ್ತಿತ್ತು.

"ಬನ್ನಿ, ಬನ್ನಿ," ಎಂದರು ಪ್ರೊಫೆಸರು. "ಇವರೇ ನಾನು ಹೇಳಿದ ದಾರದಕ್ಕ."

"ಆವತ್ತು ಆ ಕೋಣೆ ಹಸಿರಾದಾಗ ಒಳಗೆ ನನ್ನ ಮೈದುನ ಇದ್ದ," ಎಂದಳು ಅವಳು.

ಪ್ರೊಫೆಸರ ನಗು ಮುಖದ ಮೇಲೆ ಹಾಗೇ ಉಳಿಯಿತು. "ಪಾಪ, ಇವರ ಮನೇಲಿ ಸ್ವಲ್ಪ ತೊಂದರೆ," ಎಂದು ಅತಿಥಿಗಳಿಗೆ ಹೇಳಿ ಅವಳ ಕಡೆ ತಿರುಗಿದರು. "ಆಮೇಲೆ ಮಾತಾಡೋಣ, ಅಮ್ಮ. ಔಷಧಿ ವಿಷಯಾನೂ ಮಾತಾಡೋಣ."

ಅತಿಥಿಗಳಲ್ಲಿ ಹಿರಿಯ ಹೆಂಗಸೊಬ್ಬಳು ಕಪ್ಪು ಕೆಳಗಿಟ್ಟಳು. "ಇಲ್ಲ, ಹೇಳಲಿ. ಕೂತ್ಕೊಳ್ಳಿ, ಅಮ್ಮ."

ಪ್ರೊಫೆಸರು ಎದ್ದು ಬಂದು ಅವಳಿಗೂ ಕುರ್ಚಿಗೂ ನಡುವೆ ನಿಂತರು. ಗ್ರಂಥಪಾಲಕಿ ಸದ್ದಾಗದಂತೆ ಹೋಗಿ ಬಾಗಿಲು ಮುಚ್ಚಿದರು.

ದಾರದಕ್ಕ ನಿಂತೇ ಶುರು ಮಾಡಿದಳು.